ಮಂಡಿಯ ಕೆಳಗಿನ ಅಳತೆ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕಡ್ಡಿ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಆಳು ತೆಳ್ಳಗಿದ್ದರು ಎಂದಲ್ಲ, ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಮಾತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ. "ಈ ಬಟ್ಟೆ ನಿಮಗೆ ಒಪ್ಪಲ್ಲ, ಕಿಟಕಿಗೆ ಪರದೆ ಹೊಲಿಸ್ಕೊಳ್ಳಿ" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಿದ್ದರು. ಗಿರಾಕಿ ಮುಖ ಊದಿಸಿಕೊಂಡು ಹೋಗುತ್ತಿದ್ದ. ಮುಂದಿನ ವಾರ ಬೇರೆ ಬಟ್ಟೆ ಹಿಡಿದುಕೊಂಡು ಅದೇ ಬಾಗಿಲಿಗೆ ಬರುತ್ತಿದ್ದ. ಮಾಸ್ಟರು ಕತ್ತರಿಸಿದ ಪ್ಯಾಂಟು ಅಷ್ಟು ಚೆನ್ನಾಗಿ ಕೂರುತ್ತಿತ್ತು.

ಅವರಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ ಅದನ್ನು ತೊಟ್ಟವನ ಜಾತಕ ಹೇಳುತ್ತಿದ್ದರು. ಮೊಣಕೈ ಸವೆದಿದ್ದರೆ ಗುಮಾಸ್ತ, ಸೀಟು ಸವೆದಿದ್ದರೆ ಅವನ ಸಾಹೇಬ. ಎಡ ಜೇಬು ಮಾತ್ರ ಜೋತುಬಿದ್ದಿದ್ದರೆ ಬೀಗದ ಕೈ ಇಟ್ಟುಕೊಳ್ಳುವವನು, ಅಂದರೆ ಮನೆಯಲ್ಲಿ ಯಾರನ್ನೂ ನಂಬದವನು. ಇದರಲ್ಲಿ ಅವರು ತಪ್ಪಿದ್ದು ಕಡಿಮೆ.

ಹೆಮ್ಮೆಯ ಮಾತು ಒಂದೇ ಒಂದಿತ್ತು: "ನಾನು ಯಾರಿಗೂ ಬಗ್ಗಿದವನಲ್ಲ." ಹಾಗೆ ಹೇಳುತ್ತಿದ್ದ ಮನುಷ್ಯ ಮೂವತ್ತೆಂಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದು ಬಗ್ಗುವ ಕೆಲಸವನ್ನೇ. ಮೇಜಿನ ಮೇಲೆ ಬಗ್ಗಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಬಗ್ಗಿ ಕತ್ತರಿಸುವುದು, ವಕೀಲರೇ ಬರಲಿ ಹಾಲಿನವನೇ ಬರಲಿ, ಅವರ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಮ್ಮಡಿಯವರೆಗೆ ಟೇಪು ಇಳಿಸುವುದು. ಬಗ್ಗದವನೆಂದು ಹೆಸರು ತಂದದ್ದು ಬಾಯಿ, ಸಂಸಾರ ಸಾಕಿದ್ದು ಸೊಂಟ. ಆದರೆ ಸೊಂಟದ ಬಗ್ಗೆ ಅವರು ಯಾವತ್ತೂ ಒಂದು ಒಳ್ಳೆಯ ಮಾತು ಆಡಿದವರಲ್ಲ.

ಎರಡೂವರೆ ವರ್ಷದ ಹಿಂದೆ, ಅವರಿಗೆ ಅರವತ್ತೆರಡು ತುಂಬಿದ್ದಾಗ, ಒಂದು ದಿನ ಸೀಮೆಸುಣ್ಣದ ಚೂರು ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಅರ್ಧ ದಾರಿಯಲ್ಲಿ ಸೊಂಟ ಕೈ ಕೊಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಮೇಜಿನ ಕಾಲು ಹಿಡಿದುಕೊಂಡು ಹಾಗೇ ನಿಂತರು. ಹೆಂಡತಿ ಒಂದು ಕಡೆ, ಹಿಂದಿನ ಮೂಲೆಯಲ್ಲಿ ಹೊಲಿಯುವ ಮಿಷನ್ನಿನವನು ಒಂದು ಕಡೆ ಹಿಡಿದು ನೆಟ್ಟಗೆ ಮಾಡಿದರು. ನಾಲ್ಕು ದಿನ ಹಾಸಿಗೆ. ಐದನೇ ದಿನ ಅಂಗಡಿಗೆ ಬಂದು ನೋಡಿಕೊಂಡರೆ ಮೈ ಮಂಡಿಯವರೆಗೆ ಬಗ್ಗುತ್ತಿತ್ತು. ಅದರ ಕೆಳಗೆ ಇಳಿಯಲು ಖಂಡಿತವಾಗಿ ಒಪ್ಪುತ್ತಿರಲಿಲ್ಲ.

"ಸ್ಟೂಲ್ ಮೇಲೆ ಕೂತು ತಗೊಳ್ಳಿ ಮಾಸ್ಟ್ರೇ" ಎಂದ ಮಿಷನ್ನಿನವನು.

"ಕೂತ್ಕೊಂಡು ಅಳತೆ ತೆಗೆಯೋನು ಮಾಸ್ಟರಾ?" ಎಂದು ಅವನ ಬಾಯಿ ಮುಚ್ಚಿಸಿದರು. "ಹಳೇ ಪ್ಯಾಂಟು ತಂದಿದೀನಿ, ಅದೇ ಅಳತೆ ಇಟ್ಕೊಳ್ಳಿ" ಎಂದ ಗಿರಾಕಿಗೆ, "ಇನ್ನೊಬ್ಬನ ತಪ್ಪನ್ನ ನಾನ್ಯಾಕೆ ನಕಲು ಮಾಡ್ಲಿ?" ಎಂದರು. ಹೀಗೆ ಎಲ್ಲ ದಾರಿಗಳನ್ನೂ ತಾವೇ ಮುಚ್ಚಿಕೊಂಡ ಮೇಲೆ ಉಳಿದದ್ದು ಕಣ್ಣು. ಸೊಂಟದಿಂದ ಮಂಡಿಯವರೆಗೆ ಟೇಪು ಹಿಡಿಯುವುದು, ಅಲ್ಲಿಂದ ಕೆಳಕ್ಕೆ ಒಂದು ಕಣ್ಣು ಕಿರಿದು ಮಾಡಿ ನೋಡಿ "ಹದಿನೆಂಟೂವರೆ" ಎಂದು ಘೋಷಿಸುವುದು. ಆಶ್ಚರ್ಯವೆಂದರೆ ಪ್ಯಾಂಟುಗಳು ಸರಿಯಾಗಿಯೇ ಬಂದವು. ಒಂದು ತಿಂಗಳು, ಎರಡು ತಿಂಗಳು, ಒಬ್ಬನೂ ದೂರು ತರಲಿಲ್ಲ. ಮಾಸ್ಟರಿಗೇ ಮೊದಮೊದಲು ಅನುಮಾನವಿತ್ತು. ಆಮೇಲೆ ನಂಬಿಕೆ ಬಂತು, ಆಮೇಲೆ ಜಂಬ ಬಂತು.

ಜಂಬ ಬಂದ ಮೇಲೆ ಬೋರ್ಡು ಬರಲೇಬೇಕಲ್ಲ. "ಇಲ್ಲಿ ಕಣ್ಣೇ ಟೇಪು. ಹಾಕಿ ನೋಡುವ ಅಗತ್ಯವಿಲ್ಲ" ಎಂದು ಬರೆಸಿ ಬಾಗಿಲ ಮೇಲೆ ತೂಗುಹಾಕಿದರು. ಪಕ್ಕದ ಇಸ್ತ್ರಿ ಅಂಗಡಿಯವನು, "ಒಂದಿನ ತಪ್ಪಿದ್ರೆ ಏನ್ ಮಾಡ್ತೀರಿ?" ಎಂದು ಕೆಣಕಿದ. "ನನ್ನ ಕಣ್ಣು ಒಂದಿಂಚು ತಪ್ಪಿದ ದಿನ ಕತ್ತರಿ ಕೆಳಗಿಡ್ತೀನಿ. ಅಂಗಡಿ ಬಾಗಿಲು ಹಾಕ್ತೀನಿ" ಎಂದರು ಮಾಸ್ಟರು. ನಾಲ್ಕು ಜನ ಕೇಳುವ ಹಾಗೆ ಹೇಳಿದ ಮಾತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ದಾಖಲೆ ಅವರ ಜೀವನದಲ್ಲಿ ಇರಲಿಲ್ಲ.

ಅವರ ಹೆಂಡತಿಯನ್ನು ಬೀದಿಯೆಲ್ಲ ಮಾಸ್ಟರಮ್ಮ ಎನ್ನುತ್ತಿತ್ತು. ಆಕೆಯ ಮಿಷನ್ನು ಬಾಗಿಲ ಪಕ್ಕದಲ್ಲಿತ್ತು. ಕಾಜ ಮಾಡುವುದು, ಗುಂಡಿ ಹಾಕುವುದು, ಪ್ಯಾಂಟಿನ ತುದಿ ಮಡಿಚಿ ಹೊಲಿಯುವುದು, ರಸೀದಿ ಬರೆಯುವುದು ಇಷ್ಟು ಆಕೆಯ ಪಾಲು. ಅಳತೆ ಕೊಟ್ಟು ಹೊರಟ ಗಿರಾಕಿ ರಸೀದಿಗೆಂದು ಅಲ್ಲಿ ನಿಂತಾಗ, "ಒಂದ್ನಿಮಿಷ ಅಲ್ಲಾಡ್ಬೇಡಿ, ಪ್ಯಾಂಟಿಗೆ ದಾರ ಅಂಟಿದೆ" ಎಂದು ಆಕೆ ಕೆಳಗಿಳಿದು ಅವನ ಕಾಲ ಹತ್ತಿರ ಏನೋ ತಡಕಾಡಿ ಏಳುತ್ತಿದ್ದರು. ಮೇಜಿನ ಹಿಂದೆ ನಿಂತ ಮಾಸ್ಟರಿಗೆ ಆಕೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಬಂದೋರ ಕಾಲಿಗೆಲ್ಲ ಬೀಳ್ತೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಒಮ್ಮೆ ರೇಗಿದ್ದರು.

"ದಾರ ಹಾಗೇ ಬಿಟ್ರೆ ಅಂಗಡಿ ಮರ್ಯಾದೆ ಹೋಗುತ್ತೆ ಕಣ್ರೀ" ಎಂದಿದ್ದರು ಆಕೆ, ಬಾಯಲ್ಲಿ ಸೂಜಿ ಕಚ್ಚಿಕೊಂಡು.

ಅದು ಬೀದಿಯ ಮಾತೇ ಆಗಿಹೋಯಿತು. "ಮಾಸ್ಟರ ಹತ್ರ ಅಳತೆ ಕೊಡು, ಆದ್ರೆ ದಾರ ತೆಗೆಸ್ಕೊಂಡೇ ಬಾ" ಎಂದು ಅಪ್ಪಂದಿರು ಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಮಾಸ್ಟರ ಕಿವಿಗೂ ಆ ಮಾತು ಬಿದ್ದಿತ್ತು. ತಮ್ಮ ಅಂಗಡಿಯ ಶುಚಿತ್ವಕ್ಕೆ ಜನ ಕೊಡುವ ಮೆಚ್ಚುಗೆ ಎಂದುಕೊಂಡು ಮೀಸೆಯಲ್ಲೇ ನಕ್ಕಿದ್ದರು.

ಸೊಂಟ ಮಾತ್ರ ಮೆಚ್ಚುಗೆಗೆಲ್ಲ ಕರಗುವ ಸೊಂಟವಾಗಿರಲಿಲ್ಲ. ಸಾಕ್ಸು ಹಾಕಿಕೊಳ್ಳಲು ಮಂಚದ ಮೇಲೆ ಮಲಗಿ ಕಾಲನ್ನು ಗೋಡೆಗೆ ಒರಗಿಸಿ ಕಾದಾಡುವುದನ್ನು ನೋಡಿ ಸಾಕಾಗಿ, ಮಾಸ್ಟರಮ್ಮ ಒಂದು ಸಂಜೆ ಅವರನ್ನು ವ್ಯಾಯಾಮ ಹೇಳಿಕೊಡುವ ಡಾಕ್ಟ್ರಮ್ಮನ ಹತ್ತಿರ ಎಳೆದುಕೊಂಡು ಹೋದರು. ಕ್ಲಿನಿಕ್ಕು ಎರಡನೇ ಮಹಡಿಯಲ್ಲಿತ್ತು. ಸೊಂಟ ಹಿಡಿದವರಿಗೆಂದು ಅಷ್ಟು ಮೇಲೆ ಕ್ಲಿನಿಕ್ಕು ಇಟ್ಟವರ ಬುದ್ಧಿಯನ್ನು ಮಾಸ್ಟರು ಮೆಟ್ಟಿಲು ಮೆಟ್ಟಿಲಿಗೂ ಹೊಗಳಿದರು.

"ನೆಟ್ಟಗೆ ನಿಂತು ಮುಂದಕ್ಕೆ ಬಗ್ಗಿ. ಮಂಡಿ ಬಗ್ಗಿಸಿದ್ರೆ ಲೆಕ್ಕಕ್ಕಿಲ್ಲ" ಎಂದಳು ಡಾಕ್ಟ್ರಮ್ಮ. ಇನ್ನೂ ಮೂವತ್ತು ದಾಟಿರದ ಹುಡುಗಿ.

"ನಾನು ಯಾರಿಗೂ ಬಗ್ಗಿದವನಲ್ಲಮ್ಮ."

"ನಂಗೆ ಬಗ್ಬೇಡಿ. ನೆಲಕ್ಕೆ ಬಗ್ಗಿ."

ಬಗ್ಗಿದರು. ಅವಳು ಕುಳಿತು ಬೆರಳ ತುದಿಯಿಂದ ನೆಲಕ್ಕೆ ಟೇಪು ಹಿಡಿದು "ಹದಿಮೂರು" ಎಂದು ಬರೆದುಕೊಳ್ಳಹೊರಟಳು. ತಲೆಕೆಳಗಾಗಿ ನೇತಾಡುತ್ತಿದ್ದ ಮಾಸ್ಟರ ಕಣ್ಣು ಟೇಪಿನ ತುದಿಯ ಮೇಲೆಯೇ ಇತ್ತು.

"ತುದಿ ನೆಲ ಮುಟ್ಟಿಲ್ಲ. ಒಂದಿಂಚು ಮೇಲೆ ಹಿಡ್ಕೊಂಡಿದೀರಿ. ಹಿಂಗ್ ಅಳೆದ್ರೆ ಪ್ಯಾಂಟು ಗಿಡ್ಡ ಆಗುತ್ತೆ."

ಅವಳು ಸರಿಯಾಗಿ ಹಿಡಿದು ನೋಡಿದಳು. ಹದಿನಾಲ್ಕು. ತಮ್ಮ ಕಾಯಿಲೆಯನ್ನು ತಾವೇ ವಾದ ಮಾಡಿ ಒಂದಿಂಚು ಹೆಚ್ಚಿಸಿಕೊಂಡ ಮೊದಲ ರೋಗಿ ಅವರೇ ಇರಬೇಕು. ಮುಖದಲ್ಲಿ ಗೆದ್ದ ಕಳೆಯಿತ್ತು.

"ಹೊಸ ಬಟ್ಟೆ ಒಗೆದ್ರೆ ಕುಗ್ಗುತ್ತಲ್ವಾ? ಮೈನೂ ಅಷ್ಟೇ" ಎಂದಳು ಡಾಕ್ಟ್ರಮ್ಮ. "ವಯಸ್ಸಾಗ್ತಾ ಆಗ್ತಾ ಒಳಗಿಂದ ಎಳ್ಕೊಳ್ಳುತ್ತೆ. ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿಸ್ಬೇಕು."

"ಒಳ್ಳೇ ಬಟ್ಟೆ ಕುಗ್ಗಲ್ಲ."

ಅವಳು ನಕ್ಕು ಮಾಸ್ಟರಮ್ಮನ ಕಡೆ ತಿರುಗಿದಳು. "ನೀವೂ ಒಂದ್ಸಲ ಬಗ್ಗಿ ನೋಡೋಣಮ್ಮ, ಸುಮ್ನೆ." ಐವತ್ತೊಂಬತ್ತರ ಹೆಂಗಸು, ಕೈಚೀಲವನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಮಂಡಿ ಸ್ವಲ್ಪವೂ ಕದಲದ ಹಾಗೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿಬಿಟ್ಟರು. ಡಾಕ್ಟ್ರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

"ಏನು ವ್ಯಾಯಾಮ ಮಾಡ್ತೀರಮ್ಮ ನೀವು?"

"ಏನೂ ಇಲ್ಲ ತಾಯಿ. ಅಂಗಡೀಲಿ ದಾರ ತೆಗೀತೀನಿ."

"ಅವಳ ಮೈಯೇ ಹಾಗೆ, ಹುಟ್ಟಿನಿಂದ ಬಂದಿದ್ದು" ಎಂದು ಮಾಸ್ಟರು ಆ ವಿಷಯವನ್ನು ಅಲ್ಲಿಗೇ ಮುಗಿಸಿದರು.

ಡಾಕ್ಟ್ರಮ್ಮ ನಾಲ್ಕು ವ್ಯಾಯಾಮ ಹೇಳಿಕೊಟ್ಟಳು. ಗೋಡೆ ಹಿಡಿದು ಒಂದು, ಕುರ್ಚಿ ಹಿಡಿದು ಒಂದು, ಅಂಗಾಲಿಗೆ ಟವೆಲು ಹಾಕಿ ಎಳೆದುಕೊಳ್ಳುವುದು ಒಂದು, ನೆಲದ ಮೇಲೆ ಕೂತು ಏಳುವುದು ಒಂದು. ಮಾಸ್ಟರು ಅಳತೆ ಪುಸ್ತಕದಲ್ಲಿ ತಮ್ಮದೇ ಒಂದು ಪುಟ ತೆರೆದು "ಬೆರಳಿನಿಂದ ನೆಲಕ್ಕೆ: 14" ಎಂದು ಬರೆದರು. ಮೂರು ದಿನ ಇಡೀ ವಠಾರಕ್ಕೆ ಕೇಳುವ ಹಾಗೆ ನರಳಿಕೊಂಡು ವ್ಯಾಯಾಮ ಮಾಡಿದರು. ನಾಲ್ಕನೇ ದಿನ ಮೋಡ ಇತ್ತು. ಐದನೇ ದಿನ ಬಿಸಿಲು ಜಾಸ್ತಿಯಿತ್ತು. ನೆಲದ ಮೇಲೆ ಕೂತು ಏಳುವುದನ್ನಂತೂ ಒಂದು ದಿನವೂ ಮಾಡಲಿಲ್ಲ. ಕೂರುವುದು ಹೇಗೋ ಆದೀತು, ಏಳುವಾಗ ಯಾರಾದರೂ ಕೈ ಹಿಡಿಯಬೇಕು, ಆ ಯೋಚನೆಯೇ ಅವರಿಗೆ ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಪುಸ್ತಕದಲ್ಲಿ 14 ಹೋಗಿ 11 ಆಗಿತ್ತು. "ಮಂಡಿ ಬಗ್ಗಿಸಿದ್ರಿ ತಾನೇ?" ಎಂದು ಮಾಸ್ಟರಮ್ಮ ಕೇಳಿದರು. ಮಾಸ್ಟರು ಪುಸ್ತಕ ಮುಚ್ಚಿದರು.

ಹೀಗಿರುವಾಗ ಮಾಸ್ಟರಮ್ಮನ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಳ್ಳಲು ಆಕೆ ಹತ್ತು ಹನ್ನೆರಡು ದಿನಕ್ಕೆಂದು ಒಂದು ಸೋಮವಾರ ಬಸ್ಸು ಹತ್ತಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ಬರೋವರೆಗೆ ದೊಡ್ಡ ಕೆಲಸ ಏನೂ ಒಪ್ಕೋಬೇಡಿ" ಎಂದರು.

"ಮಡಿಚಿ ಹೊಲಿಯೋಕೆ ಮಿಷನ್ನಿನವನಿದಾನೆ. ನೀನಿಲ್ಲ ಅಂತ ಅಂಗಡಿ ನಿಂತ್ಹೋಗಲ್ಲ ಹೋಗು" ಎಂದರು ಮಾಸ್ಟರು.

ಮಂಗಳವಾರವೇ ದೊಡ್ಡ ಕೆಲಸ ಬಂತು. ಮುಖ್ಯರಸ್ತೆಯ ಹೋಟೆಲಿಗೆ ಸುಣ್ಣಬಣ್ಣ ಆಗುತ್ತಿತ್ತು, ಮುಂದಿನ ವಾರದ ಶನಿವಾರ ಸಂಜೆ ಮತ್ತೆ ಬಾಗಿಲು ತೆರೆಯುತ್ತಾರೆ, ಹದಿನೆಂಟು ಜನ ಸಪ್ಲಯರುಗಳಿಗೆ ಹದಿನೆಂಟು ಕಪ್ಪು ಪ್ಯಾಂಟು ಬೇಕು. ಹದಿನೆಂಟೂ ಜನ ಸಾಲಾಗಿ ನಿಂತರು. ಮಂಡಿಯವರೆಗೆ ಟೇಪು, ಮಂಡಿಯ ಕೆಳಗೆ ಕಣ್ಣು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಸಪ್ಲಯರುಗಳು ಬಾಗಿಲ ಹತ್ತಿರದ ಖಾಲಿ ಮಿಷನ್ನಿನ ಮುಂದೆ ಅಭ್ಯಾಸಬಲದಿಂದ ಒಂದು ಕ್ಷಣ ನಿಂತು, ಯಾರೂ ಏನೂ ಹೇಳದಿದ್ದಾಗ ಹೊರಟುಹೋದರು. ಮುಂದಿನ ವಾರದ ಗುರುವಾರದ ಹೊತ್ತಿಗೆ ಪ್ಯಾಂಟುಗಳು ಹೊಲಿದು, ಇಸ್ತ್ರಿಯಾಗಿ, ಹೋಟೆಲು ಸೇರಿದವು.

ಶುಕ್ರವಾರ ಮಧ್ಯಾಹ್ನ ಹದಿನೆಂಟೂ ಜನ ಕಪ್ಪು ಪ್ಯಾಂಟು ತೊಟ್ಟುಕೊಂಡೇ ಬೀದಿಯಲ್ಲಿ ಮೆರವಣಿಗೆ ಬಂದರು. ಕೆಲವರದು ಕಣಕಾಲು ತೋರಿಸುತ್ತಿತ್ತು. ಕೆಲವರದು ಬೀದಿ ಗುಡಿಸುತ್ತಿತ್ತು. ಒಬ್ಬನಂತೂ ಎರಡೂ ಕಡೆ ಎತ್ತಿ ಹಿಡಿದುಕೊಂಡು, ನೀರು ದಾಟುವವನಂತೆ ಬಂದ. ಬೀದಿಯ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ಬಂದ.

ಮಾಸ್ಟರು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಕೊನೆಯಲ್ಲಿ ನಿಂತಿದ್ದ, ಎಲ್ಲರಿಗಿಂತ ಹಿರಿಯ ಸಪ್ಲಯರನ ಪ್ಯಾಂಟು ಮಾತ್ರ ಬೂಟಿನ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು.

"ನೋಡಿ, ನೋಡಿ! ಇವ್ರದು ಸರಿ ಇದೆಯಲ್ಲ! ನನ್ನ ಕಣ್ಣಲ್ಲಿ ತಪ್ಪಿದ್ರೆ ಇವ್ರದೂ ತಪ್ಪಬೇಕಿತ್ತು!"

"ಇದು ಹೋದ ವರ್ಷ ಹೊಲಿಸಿದ್ದು ಮಾಸ್ಟ್ರೇ" ಎಂದ ಹಿರಿಯ ಸಪ್ಲಯರು ಸಂಕೋಚದಿಂದ. "ಹೊಸದು ಹಾಕ್ಕೊಂಡು ಬೀದೀಲಿ ಬರೋ ಹಂಗಿರ್ಲಿಲ್ಲ. ಅವಾಗ ಅಮ್ಮಾವ್ರು ದಾರ ತೆಗ್ದಿದ್ರು. ಈ ಸಲ ದಾರ ತೆಗೀಲಿಲ್ಲ, ಅದ್ಕೇ ಹಿಂಗಾಗಿದೆ."

"ಪ್ಯಾಂಟಿನ ಉದ್ದಕ್ಕೂ ದಾರಕ್ಕೂ ಏನ್ರೀ ಸಂಬಂಧ?"

ಹದಿನೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸ್ತ್ರಿಯವನು ಆಕಾಶ ನೋಡಿದ. ಎಲ್ಲರಿಗೂ ಗೊತ್ತಿರುವ ವಿಷಯ ತಮಗೊಬ್ಬರಿಗೇ ಗೊತ್ತಿಲ್ಲ ಎಂಬುದು ಆಗ ಮಾಸ್ಟರಿಗೆ ಹೊಳೆಯಿತು. ಅವರು ಹಿಂದಿನ ಮೂಲೆಗೆ ತಿರುಗಿದರು. ಮಿಷನ್ನಿನವನು ಹೊಲಿಗೆ ನಿಲ್ಲಿಸಿದ. ತಿಂಗಳಿಗೆ ಹತ್ತು ಮಾತಾಡುವ ಆಸಾಮಿ ಆ ತಿಂಗಳ ಮಾತನ್ನೆಲ್ಲ ಒಂದೇ ಸಲಕ್ಕೆ ಆಡಿದ.

"ಮೊದಲ್ನೇ ವಾರ ಮೂರು ಪ್ಯಾಂಟು ವಾಪಸ್ ಬಂದಿತ್ತು ಮಾಸ್ಟ್ರೇ. ನೀವು ಟೀ ಕುಡಿಯೋಕೆ ಹೋಗಿದ್ರಿ. ಅಮ್ಮ ಬಿಚ್ಚಿ ಸರಿ ಮಾಡಿ ಕಳಿಸಿದ್ರು. ಆಮೇಲಿಂದ ಒಂದು ಟೇಪಿನ ತುಂಡು ಅಂಗೈಲಿ ಇಟ್ಕೊಂಡು, ದಾರ ಅಂಟಿದೆ ಅಂತ ಕೂತು, ಮಂಡಿಯಿಂದ ಹಿಮ್ಮಡಿಗೆ ಅಳೀತಿದ್ರು. ನೀವು ಬರೆದಿದ್ದು ಪುಸ್ತಕದಲ್ಲಿ ಹಾಗೇ ಇರ್ತಿತ್ತು. ಮಡಿಚಿ ಹೊಲಿಯೋದು ಅಮ್ಮನ ಅಳತೆಗೆ. ಎರಡೂವರೆ ವರ್ಷದಿಂದ ಹಿಂಗೇ ನಡೀತಿದೆ."

ಮಾಸ್ಟರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕತ್ತರಿ ಕೆಳಗಿಡುತ್ತೇನೆ ಎಂದು ಇದೇ ಬಾಗಿಲಲ್ಲಿ ನಿಂತು ಹೇಳಿದ್ದರು. ಹತ್ತಡಿ ಅಗಲದ ಈ ಕೋಣೆ, ಈ ಮೇಜು, ಈ ಕತ್ತರಿ ಬಿಟ್ಟರೆ ಬೆಳಿಗ್ಗೆ ಎದ್ದು ಹೋಗಲು ಅವರಿಗೆ ಬೇರೆ ಯಾವ ಜಾಗವೂ ಇರಲಿಲ್ಲ. ಅಲ್ಲಿದ್ದವರೆಲ್ಲ ಆ ಮಾತಿಗಾಗಿ ಕಾಯುತ್ತಿದ್ದರು. ಮಾಸ್ಟರು ಗಂಟಲು ಸರಿಮಾಡಿಕೊಂಡು, "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬನ್ನಿ. ಸಂಜೆ ಹೊತ್ತಿಗೆ ಸರಿ ಮಾಡ್ಕೊಡ್ತೀನಿ. ಆಮೇಲೆ ನನ್ನ ಮಾತು ನಾನು ನಡೆಸ್ಕೋತೀನಿ" ಎಂದರು.

ಸಂಜೆ ಹೆಂಡತಿಗೆ ಫೋನು ಮಾಡಿದರು. ದಾರದ ಸುದ್ದಿ ಬಾಯಿಗೆ ಬರಲಿಲ್ಲ, ಬದಲಿಗೆ ಸಿಟ್ಟು ಬಂತು. "ಮಡಿಚಿ ಹೊಲಿಯೋರು ಗತಿ ಇಲ್ದೆ ಹದಿನೆಂಟು ಪ್ಯಾಂಟು ಕೆಟ್ಟೋಯ್ತು. ಸರಿಯಾದ ಟೈಮಲ್ಲಿ ಕೈ ಕೊಟ್ಟೆ ನೀನು."

"ಊಟ ಆಯ್ತಾ?" ಎಂದರು ಮಾಸ್ಟರಮ್ಮ. ಆಮೇಲೆ, "ಬೆಳಗಿನ ಮೊದಲ್ನೇ ಬಸ್ಸಿಗೆ ಹೊರಟ್ರೂ ಅಲ್ಲಿಗೆ ಬರೋದು ಮಧ್ಯಾಹ್ನ ಆಗುತ್ತೆ" ಎಂದು ಫೋನಿಟ್ಟರು.

ಶನಿವಾರ ಒಂಬತ್ತಕ್ಕೆ ಸಪ್ಲಯರುಗಳು ಬಂದರು. ಹೆಂಡತಿಗೆ ಕಾಯುತ್ತ ಕೂತರೆ ಸಂಜೆಗೆ ಕೆಲಸ ಮುಗಿಯುವುದಿಲ್ಲ. ಕಣ್ಣಿನ ಮೇಲೆ ಮಾಸ್ಟರಿಗೇ ಈಗ ವಿಶ್ವಾಸವಿರಲಿಲ್ಲ. ಮೊದಲು ಒಂದು ಉಪಾಯ ಮಾಡಿದರು. ಗಿರಾಕಿಯನ್ನೇ ಮೇಜಿನ ಮೇಲೆ ನಿಲ್ಲಿಸಿದರೆ ತಾವು ಬಗ್ಗಬೇಕಾಗಿಯೇ ಇಲ್ಲವಲ್ಲ? ಹಿರಿಯ ಸಪ್ಲಯರನ್ನು ಇಬ್ಬರು ಎತ್ತಿ ಮೇಜಿನ ಮೇಲೆ ನಿಲ್ಲಿಸಿದರು. ಫ್ಯಾನು ಅವನ ತಲೆಗೂದಲನ್ನು ಬಾಚಿಕೊಂಡು ಹೋಯಿತು. ಅವನು ಕಿರುಚಿಕೊಂಡು, ಎತ್ತಿದವರ ಮೇಲೆಯೇ ಇಳಿದ.

ಇನ್ನು ದಾರಿಯಿರಲಿಲ್ಲ. ಮಾಸ್ಟರು ಕೊರಳಿಗೆ ಟೇಪು ಹಾಕಿಕೊಂಡರು. ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದರು. ಒಂದು ಕಾಲು ಹಿಂದಕ್ಕೆ ಹೋಯಿತು. ಆ ಮಂಡಿ ಲಟಕ್ಕೆಂದಿತು. ಇನ್ನೊಂದು ಮಂಡಿ ತಾನೇನು ಕಡಿಮೆ ಎಂದು ಅದಕ್ಕಿಂತ ಜೋರಾಗಿ ಸದ್ದು ಮಾಡಿತು. ಸೊಂಟದಲ್ಲಿ ಸೂಜಿ ಚುಚ್ಚಿದಂತಾಯಿತು. ಕೊನೆಯ ಅರ್ಧ ಅಡಿಯನ್ನು ಅವರು ಇಳಿಯಲಿಲ್ಲ, ಬಿದ್ದರು. ಆದರೂ ನೆಲ ಸಿಕ್ಕಿತು.

ಎರಡೂವರೆ ವರ್ಷದ ಮೇಲೆ ಮಾಸ್ಟರು ತಮ್ಮ ಅಂಗಡಿಯ ನೆಲವನ್ನು ಹತ್ತಿರದಿಂದ ನೋಡಿದರು. ಕಳೆದುಹೋಗಿದ್ದ ಗುಂಡಿಗಳೆಲ್ಲ ಅಲ್ಲೇ ಇದ್ದವು. ಅವತ್ತು ಬಿದ್ದ ಸೀಮೆಸುಣ್ಣದ ಚೂರೂ ಮೇಜಿನ ಕಾಲಿಗೆ ಅಂಟಿಕೊಂಡು ಕೂತಿತ್ತು. ಹೆಂಡತಿಯ ಮಿಷನ್ನಿನ ಕೆಳಗೆ, ಪೆಡಲಿನ ಹಿಂದೆ, ಒಂದು ಪುಟ್ಟ ದಿಂಬು ಕಂಡಿತು. ಎಳೆದುಕೊಂಡರು. ತಾವು ಕತ್ತರಿಸಿ ಬಿಸಾಡಿದ ಚೂರುಗಳನ್ನೇ ಸೇರಿಸಿ ಹೊಲಿದದ್ದು. ಇದು ವಕೀಲರ ಕೋಟಿನ ಕಪ್ಪು, ಇದು ಬ್ಯಾಂಕಿನವರ ಬೂದು, ಇದು ಯಾರದೋ ಮದುವೆಯ ಸೂಟು. ದಿಂಬಿನ ಮೇಲೆ ಅಕ್ಕಪಕ್ಕ ಎರಡು ಗುಳಿಗಳು ಬಿದ್ದಿದ್ದವು. ಆ ಎರಡು ಜಾಗದಲ್ಲಿ ಬಟ್ಟೆ ಸವೆದು ಒಳಗಿನ ಹತ್ತಿ ಕಾಣುತ್ತಿತ್ತು.

ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ ಜಾತಕ ಹೇಳುವವರು ಅದನ್ನು ತುಂಬ ಹೊತ್ತು ಹಿಡಿದುಕೊಂಡು ಕೂತರು. ಎರಡು ಮಂಡಿ. ದಿನಕ್ಕೆ ಹತ್ತು ಗಿರಾಕಿ ಎಂದರೂ ಹತ್ತು ಸಲ, ಎರಡೂವರೆ ವರ್ಷ. ಅಷ್ಟು ಸಲ ಅವಳು ಇಳಿದು ಎದ್ದಿದ್ದಳು, ಒಂದು ಸಲವೂ ಹೇಳಿರಲಿಲ್ಲ. ಕಣ್ಣು ಮಂಜಾಯಿತು. ಕಣ್ಣೇ ಟೇಪು ಎಂದು ಬೋರ್ಡು ಹಾಕಿಸಿದ ಕಣ್ಣು. ಆ ಹೊತ್ತಿಗೆ ಅದಕ್ಕೆ ಎದುರಿಗಿದ್ದ ಬೂಟು ಕೂಡ ಕಾಣಲಿಲ್ಲ.

"ಏನಾಯ್ತು ಮಾಸ್ಟ್ರೇ?"

"ಧೂಳು. ನೆಟ್ಟಗೆ ನಿಲ್ರೀ."

ಆ ದಿಂಬನ್ನೇ ಮಂಡಿಯ ಕೆಳಗಿಟ್ಟುಕೊಂಡು ಅಳತೆ ಶುರು ಮಾಡಿದರು. ಮಂಡಿಯಿಂದ ಹಿಮ್ಮಡಿಗೆ, ಹದಿನೇಳೂ ಮುಕ್ಕಾಲು. ಮುಂದಿನವರು ಬನ್ನಿ. ಹತ್ತೊಂಬತ್ತು. ಗಿಡ್ಡವಾದದ್ದರ ಮಡಿಕೆ ಬಿಚ್ಚಬೇಕಿತ್ತು, "ಕತ್ತರಿ ಕೊಡು" ಎಂದರು. ಮಿಷನ್ನಿನವನು ಕೊಟ್ಟ. ಎರಡು ಹೊಲಿಗೆ ಬಿಚ್ಚಿ ಕತ್ತರಿಯನ್ನು ಪಕ್ಕದಲ್ಲಿ ನೆಲದ ಮೇಲಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದ ಇಸ್ತ್ರಿಯವನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

"ಏನ್ ಮಾಸ್ಟ್ರೇ, ಕತ್ತರಿ ಕೆಳಗಿಟ್ಬಿಟ್ರಲ್ಲ!"

"ಇಟ್ಟೆ. ಹೇಳಿದ ಮಾತು ನಡೆಸ್ದೆ" ಎಂದು ಮಾಸ್ಟರು ಕತ್ತರಿ ಎತ್ತಿಕೊಂಡರು. "ಬಾಗಿಲೂ ಹಾಕ್ಬೇಕು. ನೀನು ಇಣುಕೋದು ನಿಲ್ಸಿದ್ರೆ ಅದನ್ನೂ ಹಾಕ್ತೀನಿ."

ಹದಿನೆಂಟನೆಯವನದು ಮುಗಿದಾಗ ಹನ್ನೊಂದೂವರೆ. "ಏಳ್ತೀರಾ, ಕೈ ಹಿಡೀಲಾ?" ಎಂದು ಹಿರಿಯ ಸಪ್ಲಯರು ಕೇಳಿದ. "ಬೇಡ ಬೇಡ, ಸ್ವಲ್ಪ ಸೂಜಿ ಆರಿಸೋದಿದೆ" ಎಂದರು. ಎಲ್ಲರೂ ಹೋದರು. ಮೇಜಿನ ಕಾಲು ಹಿಡಿದು ಏಳಲು ನೋಡಿದರು. ಆಗಲಿಲ್ಲ. ಮಿಷನ್ನಿನವನು ಎದ್ದು ಬಂದ. "ನೀನು ಹೊಲಿಗೆ ನೋಡು" ಎಂದು ಕಳಿಸಿದರು. ಹೀಗಾಗಿ ಮುಕ್ಕಾಲು ಗಂಟೆ ಅವರು ನಿಜವಾಗಿಯೇ ಸೂಜಿ ಆರಿಸಿದರು. ಆ ನೆಲ ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇದ್ದಿರಲಿಲ್ಲ.

ಮಾಸ್ಟರಮ್ಮ ಕೈಚೀಲ ಹಿಡಿದುಕೊಂಡು ಒಳಗೆ ಬಂದಾಗ ಗಂಡ ನೆಲದ ಮೇಲೆ ಕಾಲು ಚಾಚಿ, ಸೂಜಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಕೆ ಅವರನ್ನು ನೋಡಿದರು, ಮೇಜಿನ ಮೇಲೆ ಗುರುತು ಹಾಕಿಟ್ಟ ಹದಿನೆಂಟು ಪ್ಯಾಂಟುಗಳನ್ನು ನೋಡಿದರು, ಚೀಲ ಇಟ್ಟರು.

"ಕೈ ಕೊಡೇ" ಎಂದರು ಮಾಸ್ಟರು. ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತು ಹಾಗೆ ಬಂದದ್ದು ಅದೇ ಮೊದಲು.

"ಕೊಟ್ಟಾಯ್ತಲ್ಲ. ನಿನ್ನೆ ಫೋನಲ್ಲಿ ನೀವೇ ಅಂದ್ರಿ."

ಆಕೆ ತಿರುಗಿ ಮಿಷನ್ನಿನ ಕಡೆ ಹೊರಟರು. ಮಾಸ್ಟರಿಗೆ ಹೇಳಬೇಕಾದದ್ದು ಬಹಳವಿತ್ತು. ಆದರೆ ಮೂವತ್ತೆಂಟು ವರ್ಷ ಕಡ್ಡಿ ತುಂಡು ಮಾಡಿದ ಬಾಯಿಗೆ ಬೇರೆ ಥರ ಮಾತಾಡುವುದು ಅಭ್ಯಾಸವಿರಲಿಲ್ಲ.

"ನಿಲ್ಲು, ಅಲ್ಲಾಡ್ಬೇಡ" ಎಂದರು. "ನಿನ್ನ ಬಟ್ಟೆಗೆ ದಾರ ಅಂಟಿದೆ."

ಮಾಸ್ಟರಮ್ಮ ನಿಂತಲ್ಲೇ ನಿಂತುಬಿಟ್ಟರು. ಮಾಸ್ಟರು ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿದರು, ಹಲ್ಲು ಕಚ್ಚಿಕೊಂಡು ಇನ್ನೂ ಸ್ವಲ್ಪ ಬಗ್ಗಿ, ಹೆಂಡತಿಯ ಹಿಮ್ಮಡಿಯ ಹತ್ತಿರ ಬಟ್ಟೆಯ ಅಂಚನ್ನು ಮುಟ್ಟಿದರು. ಬೆರಳಿಗೆ ದಾರ ಸಿಗಲಿಲ್ಲ. ಇದ್ದರೆ ತಾನೇ ಸಿಗುವುದು. ಆಕೆ ಕೆಳಗೆ ನೋಡಿದಾಗ ಗಂಡನ ಪಕ್ಕದಲ್ಲಿ ತನ್ನ ದಿಂಬು ಕಂಡಿತು.

ಆಕೆ ಎರಡೂ ಕೈ ಚಾಚಿದರು.

"ಏಳಿ. ನಿಧಾನ. ಮಂಡಿ ಬಗ್ಗಿಸಿ."

"ಮಂಡಿ ಬಗ್ಗಿಸಿದ್ರೆ ಲೆಕ್ಕಕ್ಕಿಲ್ಲ ಅಂದಿದ್ಲು ಆ ಡಾಕ್ಟ್ರಮ್ಮ."

"ಇಲ್ಲಿ ಲೆಕ್ಕ ನಂದು. ಬಗ್ಗಿಸಿ."

ಮಾಸ್ಟರು ಬಗ್ಗಿಸಿದರು.